ಪ್ರಶ್ನೋತ್ತರ: ಎದುರು ಪಾಳಯಕ್ಕೂ ಮೈಕು ಸಿಗಲಿ

ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘಟನೆಗಳ ನಡುವಿನ ಚರ್ಚೆ, ಭಾಷಣ, ಪ್ರತಿಭಟನೆಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಹಾಗಾಗಿ ಯಾವ ಕ್ಯಾಂಪಸ್ಸಿನಲ್ಲಾದರೂ ಬಳಸಬಹುದಾದ ಕ್ರಮಕ್ಕೆ ಒತ್ತು ಕೊಟ್ಟಿದ್ದೇವೆ. ಅಲ್ಲಲ್ಲಿ ಕೋರ್ಟು ತೀರ್ಪುಗಳನ್ನು ಹೆಸರಿಸಿರುವುದು ಅವುಗಳ ಹಿಂದಿರುವ ತರ್ಕ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ ಎಂಬ ಕಾರಣಕ್ಕೆ.

ಪ್ರಶ್ನೆ: ನಮ್ಮಲ್ಲಿ ಎರಡು ವಿದ್ಯಾರ್ಥಿ ಸಂಘಟನೆಗಳಿಗೆ ಎಣ್ಣೆ-ಸೀಗೆಕಾಯಿ ಸಂಬಂಧ. ಇಬ್ಬರನ್ನೂ ಒಂದೇ ವೇದಿಕೆಗೆ ಕರೆದು ಚರ್ಚೆ ಏರ್ಪಡಿಸೋಣ ಎಂದರೆ, ಹತ್ತು ನಿಮಿಷದಲ್ಲಿ ಕೂಗಾಟ ಶುರುವಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ನಡೆಸುವುದಾದರೆ ಹೇಗೆ ನಡೆಸಬೇಕು?

ಉತ್ತರ: ನಡೆಸಬಹುದು, ನಡೆಸಲೇಬೇಕು. ಇಂಥ ಸಭೆ ಕೆಟ್ಟರೆ ಹುಡುಗರ ಆವೇಶವನ್ನು ದೂರುವುದು ರೂಢಿ. ಹತ್ತಿರದಿಂದ ನೋಡಿದರೆ ಕಾರಣಗಳು ತೀರಾ ಸಣ್ಣವು. ವಿಷಯವನ್ನು ಒಂದು ಬಣದ ಮಾತಿನಲ್ಲೇ ಬರೆದಿರುತ್ತಾರೆ, ಗಡಿಯಾರ ನೋಡುವ ಹೊಣೆ ಯಾರಿಗೂ ಇರುವುದಿಲ್ಲ, ಸಭಿಕರ ಪ್ರಶ್ನೆಗೆ ನಿಯಮವೇ ಇರುವುದಿಲ್ಲ.

ಮೊದಲು ವಿಷಯ. 'ಶುಲ್ಕದ ಹೆಸರಿನಲ್ಲಿ ನಡೆಯುತ್ತಿರುವ ಲೂಟಿ ನಿಲ್ಲಬೇಕೆ?' ಎಂದು ಬರೆದರೆ ಅರ್ಧ ಚರ್ಚೆ ಅಲ್ಲಿಗೇ ಮುಗಿಯಿತು. 'ಹಾಸ್ಟೆಲ್ ಶುಲ್ಕವನ್ನು ಮುಂದಿನ ಎರಡು ವರ್ಷ ಏರಿಸಬಾರದು' ಎಂದು ಬರೆದರೆ ಪರ-ವಿರೋಧ ಎರಡಕ್ಕೂ ನಿಲ್ಲಲು ನೆಲ ಸಿಗುತ್ತದೆ. ಬರೆದದ್ದನ್ನು ಯಾವ ಬಣಕ್ಕೂ ಸೇರದ ಒಬ್ಬರಿಗೆ ತೋರಿಸಿ, ಇದನ್ನು ಯಾರು ಬರೆದಿರಬಹುದು ಎಂದು ಕೇಳಿ. ಅವರು ಥಟ್ಟನೆ ಸರಿಯಾಗಿ ಹೇಳಿದರೆ ತಿದ್ದಿ ಬರೆಯಿರಿ. ಒಂದೊಂದು ಪದವೂ ಎಷ್ಟು ತೂಗುತ್ತದೆ ಎಂಬುದಕ್ಕೆ ಆಕ್ಸ್‌ಫರ್ಡ್ ಯೂನಿಯನ್ ಎಂಬ ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ 1933ರ ಫೆಬ್ರವರಿ 9ರಂದು ನಡೆದ ಚರ್ಚೆ ಸಾಕ್ಷಿ. ಈ ಸಭೆ 'ಯಾವ ಸಂದರ್ಭದಲ್ಲೂ' ರಾಜನಿಗಾಗಿ, ದೇಶಕ್ಕಾಗಿ ಯುದ್ಧ ಮಾಡುವುದಿಲ್ಲ ಎಂಬ ಗೊತ್ತುವಳಿ 275-153 ಮತಗಳಿಂದ ಗೆದ್ದಿತು. 'ಯಾವ ಸಂದರ್ಭದಲ್ಲೂ' ಎಂಬಷ್ಟು ಕಟ್ಟುನಿಟ್ಟಾದ ಪದಗಳಿದ್ದ ಅದು ಪತ್ರಿಕೆಗಳಲ್ಲಿ ದೊಡ್ಡ ಬಿರುಗಾಳಿಯಾಯಿತು. ಕೆಲವೇ ವಾರಗಳಲ್ಲಿ ಆ ನಿರ್ಣಯವನ್ನು ದಾಖಲೆಯಿಂದಲೇ ಅಳಿಸಬೇಕೆಂಬ ಪ್ರಯತ್ನ ನಡೆದಾಗ ಅದರ ಪರ 138 ಮತ, ವಿರುದ್ಧ 750 ಮತ ಬಿದ್ದವು. ನಿರ್ಣಯ ಸರಿಯೋ ತಪ್ಪೋ, ನಡೆದ ಚರ್ಚೆಯನ್ನು ನಡೆದೇ ಇಲ್ಲ ಎನ್ನುವಂತಿಲ್ಲ ಎಂಬ ಆ ನಿಲುವು ಇಂದಿಗೂ ಅನುಕರಿಸುವಂಥದ್ದು.

ಎರಡನೆಯದು ಒಪ್ಪಂದ. ಚರ್ಚೆಗೆ ಕನಿಷ್ಠ ಹತ್ತು ದಿನ ಮುಂಚೆ ಎರಡೂ ಕಡೆಯ ಇಬ್ಬಿಬ್ಬರು ಕೂತು ಒಂದೇ ಪುಟದಲ್ಲಿ ಬರೆದು ಸಹಿ ಹಾಕಲಿ. ಗೊತ್ತುವಳಿಯ ಪದಗಳು, ಭಾಷಣಕಾರರ ಸಂಖ್ಯೆ, ನಿಮಿಷಗಳು, ಸಭಾಧ್ಯಕ್ಷರು ಯಾರು, ವಿಡಿಯೊ ಮಾಡುವವರು ಯಾರು, ಅದು ಯಾರ ಬಳಿ ಉಳಿಯುತ್ತದೆ, ಒಂದು ಕಡೆಯವರು ಕೊನೇ ಗಳಿಗೆಯಲ್ಲಿ ಹಿಂದೆ ಸರಿದರೆ ಏನು, ಇಷ್ಟೂ ಅದರಲ್ಲಿರಲಿ. ಕೊನೆಯ ಅಂಶವನ್ನು ಬಿಡುವವರೇ ಹೆಚ್ಚು. 48 ಗಂಟೆಯೊಳಗೆ ಯಾರಾದರೂ ಹಿಂದೆ ಸರಿದರೆ ಸಭೆ ಉಪನ್ಯಾಸ ಮತ್ತು ಪ್ರಶ್ನೋತ್ತರವಾಗಿ ನಡೆಯುತ್ತದೆ, ಸರಿದವರ 300 ಪದಗಳ ಹೇಳಿಕೆಯನ್ನು ಅಧ್ಯಕ್ಷರು ಓದುತ್ತಾರೆ ಎಂದು ಮೊದಲೇ ಬರೆದಿಟ್ಟರೆ, ಬಹಿಷ್ಕಾರದಿಂದ ಸಭೆಯನ್ನೇ ನಿಲ್ಲಿಸುವ ಆಸೆ ಯಾರಿಗೂ ಹುಟ್ಟುವುದಿಲ್ಲ.

ಸಮಯದ ಲೆಕ್ಕ ಹೀಗಿಡಬಹುದು. ಒಟ್ಟು 90 ನಿಮಿಷ. ಪ್ರತಿ ಕಡೆಯಿಂದ ಇಬ್ಬರು, ತಲಾ ಏಳು ನಿಮಿಷ. ಸಭಿಕರಿಗೆ 35 ನಿಮಿಷ. ಕೊನೆಗೆ ಪ್ರತಿ ಕಡೆಗೂ ನಾಲ್ಕು ನಿಮಿಷದ ಸಮಾರೋಪ. ಉಳಿದದ್ದು ನಿಯಮ ಓದುವುದಕ್ಕೆ, ಮತ ಎಣಿಸುವುದಕ್ಕೆ. ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿಯ ಸ್ಪರ್ಧೆಗಳಲ್ಲಿರುವ ಒಂದು ಕ್ರಮವನ್ನು ಧಾರಾಳವಾಗಿ ಎರವಲು ತೆಗೆದುಕೊಳ್ಳಿ. ಏಳು ನಿಮಿಷದಲ್ಲಿ ಮೊದಲ ಮತ್ತು ಕೊನೆಯ ನಿಮಿಷ ಯಾರೂ ಅಡ್ಡ ಮಾತಾಡುವಂತಿಲ್ಲ. ನಡುವಿನ ಐದು ನಿಮಿಷದಲ್ಲಿ ಎದುರಿನವರು ಎದ್ದು ನಿಂತು ಪ್ರಶ್ನೆ ಕೇಳಬಹುದು. ಅದು 15 ಸೆಕೆಂಡಿನೊಳಗೆ ಮುಗಿಯಬೇಕು, ಒಪ್ಪುವುದು ಬಿಡುವುದು ಮಾತಾಡುತ್ತಿರುವವರ ಇಷ್ಟ. ಒಂದನೇ ನಿಮಿಷಕ್ಕೆ ಒಂದು ಸಲ ಗಂಟೆ ಹೊಡೆಯಿರಿ, ಆರಕ್ಕೆ ಒಂದು ಸಲ, ಏಳಕ್ಕೆ ಎರಡು ಸಲ. ಅಡ್ಡ ಮಾತಿಗೆ ಹೀಗೊಂದು ಜಾಗ ಮಾಡಿಕೊಟ್ಟರೆ ಕೂತಲ್ಲಿಂದಲೇ ಕೂಗುವ ಚಟ ಎಷ್ಟೋ ಕಡಿಮೆಯಾಗುತ್ತದೆ.

ಗಂಟೆ ಹೊಡೆಯುವವರು ಅಧ್ಯಕ್ಷರಾಗಿರಬಾರದು. ವಾದ ಕೇಳುತ್ತಾ ಕೂತವರು ಗಡಿಯಾರ ಮರೆಯುತ್ತಾರೆ. ಒಬ್ಬರಿಗೆ 40 ಸೆಕೆಂಡು ಹೆಚ್ಚು ಸಿಕ್ಕಿತೆಂದರೆ ಆಮೇಲಿನ ಜಗಳ ಗೊತ್ತುವಳಿಯ ಮೇಲಲ್ಲ, ಆ 40 ಸೆಕೆಂಡಿನ ಮೇಲೆ. ಎಲ್ಲರಿಗೂ ಕಾಣುವಂತೆ ಪರದೆಯ ಮೇಲೆ ಇಳಿಯೆಣಿಕೆ ಹಾಕಿ. ಮೈಕಿನ ಸ್ವಿಚ್ಚು ಅಧ್ಯಕ್ಷರ ಸಂಜ್ಞೆಗೆ ಮಾತ್ರ ಓಗೊಡುವವರ ಕೈಯಲ್ಲಿರಲಿ.

ಸಭಿಕರ ಸರದಿಗೆ ಎರಡು ಮೈಕು ಇಡಿ, ಒಂದು ಪರ, ಒಂದು ವಿರೋಧ. ಒಂದಾದ ಮೇಲೆ ಒಂದು ಮಾತಾಡಲಿ, ತಲಾ ಒಂದು ನಿಮಿಷ. ಮೊದಲ ಪ್ರಶ್ನೆ ಕೇಳುವವರು ಯಾರೆಂಬುದು ಬಹಳ ಮುಖ್ಯ. ಸಂಘಟನೆಯ ಪದಾಧಿಕಾರಿಯೇ ಮೊದಲು ಎದ್ದರೆ ಹಿಂದಿನವರೆಲ್ಲ ಅದೇ ಧಾಟಿಯಲ್ಲಿ ಹೋಗುತ್ತಾರೆ. ಮೊದಲ ಐದು ಅವಕಾಶ ಯಾವ ಸಂಘಟನೆಯ ಸದಸ್ಯರೂ ಅಲ್ಲದವರಿಗೆ ಎಂದು ಘೋಷಿಸಿ. ಆಸನಗಳನ್ನೂ ಬಣವಾರು ಬಿಡಬೇಡಿ.

ಶುರುವಿನಲ್ಲೊಮ್ಮೆ, ಕೊನೆಗೊಮ್ಮೆ ಗುಪ್ತ ಮತ ತೆಗೆದು, ಎಷ್ಟು ಜನ ಮನಸ್ಸು ಬದಲಿಸಿದರು ಎಂದು ನೋಡುವ ಪದ್ಧತಿ ಸೊಗಸಾದದ್ದು. ಅದರಲ್ಲೊಂದು ಕಿಂಡಿ ಇದೆ. ಕಟ್ಟಾ ಬೆಂಬಲಿಗರು ಮೊದಲು 'ಇನ್ನೂ ನಿರ್ಧರಿಸಿಲ್ಲ' ಎಂದು ಬರೆದು, ಕೊನೆಗೆ ತಮ್ಮ ಕಡೆಗೆ ಹಾಕಿ, ತಾವೇ ಗೆದ್ದೆವೆಂದು ತೋರಿಸಬಹುದು. ಅದಕ್ಕಾಗಿ ಗೆದ್ದವರನ್ನು ಘೋಷಿಸದೆ ಎರಡೂ ಸಲದ ಅಂಕಿಗಳನ್ನಷ್ಟೇ ಓದಿಬಿಡಿ.

ಪ್ರಶ್ನೆ: ನಾವು ಕರೆದ ಭಾಷಣಕಾರರನ್ನು ಬರಗೊಡುವುದಿಲ್ಲ ಎಂದು ಇನ್ನೊಂದು ಸಂಘಟನೆ ಪಟ್ಟು ಹಿಡಿದಿದೆ. 'ಶಾಂತಿ ಕದಡಬಹುದು' ಎಂದು ಆಡಳಿತವೂ ರದ್ದು ಮಾಡುವ ಮಾತಾಡುತ್ತಿದೆ. ನಾವೇನು ಮಾಡಬೇಕು?

ಉತ್ತರ: ಗಲಾಟೆ ಮಾಡುತ್ತೇವೆಂದು ಹೆದರಿಸಿದವರಿಗೆ ಭಾಷಣ ನಿಲ್ಲಿಸುವ ಅಧಿಕಾರ ಸಿಕ್ಕಿತೆಂದರೆ, ಮುಂದೆ ಎಲ್ಲರೂ ಹೆದರಿಸುವುದನ್ನೇ ಕಲಿಯುತ್ತಾರೆ. ಭಾರತದ ಸುಪ್ರೀಂ ಕೋರ್ಟ್ 1989ರಲ್ಲಿ ಎಸ್. ರಂಗರಾಜನ್ ಪ್ರಕರಣದಲ್ಲಿ ಇದನ್ನೇ ಹೇಳಿತು: ಪ್ರದರ್ಶನ, ಮೆರವಣಿಗೆ, ಹಿಂಸೆಯ ಬೆದರಿಕೆಗಳ ಕಾರಣಕ್ಕೆ ಅಭಿವ್ಯಕ್ತಿಯನ್ನು ಹತ್ತಿಕ್ಕಿದರೆ ಅದು ಬೆದರಿಕೆಗೆ ಶರಣಾದಂತೆ. ಅದು ಸಿನಿಮಾ ಕುರಿತ ಪ್ರಕರಣ. ತರ್ಕ ಮಾತ್ರ ಸಭಾಂಗಣಕ್ಕೂ ಒಪ್ಪುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1992ರಲ್ಲಿ ಫೋರ್ಸೈತ್ ಕೌಂಟಿ ಪ್ರಕರಣದಲ್ಲಿ ಇನ್ನೊಂದು ಬಾಗಿಲನ್ನೂ ಮುಚ್ಚಿತು. ವಿರೋಧ ಹೆಚ್ಚು ಬರುವ ನಿರೀಕ್ಷೆ ಇದ್ದರೆ ಭದ್ರತಾ ಶುಲ್ಕವನ್ನೂ ಹೆಚ್ಚಿಸುವ ನಿಯಮ ಅಲ್ಲಿತ್ತು. ಕೇಳುಗರು ಸಿಟ್ಟಾಗುತ್ತಾರೆಂಬ ಕಾರಣಕ್ಕೆ ಮಾತಾಡುವವರಿಂದ ದುಡ್ಡು ವಸೂಲು ಮಾಡುವಂತಿಲ್ಲ ಎಂದು ಕೋರ್ಟ್ ಅದನ್ನು ರದ್ದು ಮಾಡಿತು.

ಈಗ ಕೆಲಸದ ಮಾತು. ಸಭಾಂಗಣದ ಬುಕ್ಕಿಂಗ್ ಬಾಯಿಮಾತಿನಲ್ಲಿದ್ದರೆ ಇವತ್ತೇ ಲಿಖಿತ ಒಪ್ಪಿಗೆ ಪಡೆಯಿರಿ. ಆಡಳಿತದೊಂದಿಗೆ ಮಾತಾಡಲು ನಿಮ್ಮ ಕಡೆಯಿಂದ ಒಬ್ಬರೇ ಇರಲಿ. ಐದು ಜನ ಐದು ಬಗೆ ಹೇಳಿದರೆ ಅದೇ ರದ್ದತಿಗೆ ನೆಪವಾಗುತ್ತದೆ. 'ಶಾಂತಿ ಕದಡಬಹುದು' ಎಂದವರನ್ನು ವಿನಯದಿಂದ, ಲಿಖಿತವಾಗಿ ಕೇಳಿ: ಬೆದರಿಕೆ ಯಾರಿಂದ, ಯಾವ ರೂಪದಲ್ಲಿ ಬಂತು, ಯಾವ ವ್ಯವಸ್ಥೆ ಮಾಡಿದರೆ ಸಾಕಾಗುತ್ತದೆ? ಬೆದರಿಕೆ ನಿಜವೇ ಆಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಮೊದಲು ಗುರುತಿನ ಚೀಟಿ ಇದ್ದವರಿಗಷ್ಟೇ ಪ್ರವೇಶ, ಆಮೇಲೆ ಎರಡು ಪ್ರತ್ಯೇಕ ಬಾಗಿಲಿರುವ ಬೇರೆ ಸಭಾಂಗಣ, ಆಮೇಲೆ ಸಮಯ ಬದಲಾವಣೆ, ಆಮೇಲೆ ನೇರಪ್ರಸಾರ. ರದ್ದತಿ ಕಟ್ಟಕಡೆಗೆ, ಅದೂ ಕಾರಣ ಬರೆದುಕೊಟ್ಟ ಮೇಲೆ. 'ಮುಂದೂಡಲಾಗಿದೆ' ಎಂಬ ನೋಟಿಸಿನಲ್ಲಿ ಹೊಸ ದಿನಾಂಕ ಇಲ್ಲದಿದ್ದರೆ ಅದನ್ನು ರದ್ದತಿ ಎಂದೇ ತಿಳಿದು ಉತ್ತರ ಬರೆಯಿರಿ.

ವಿರೋಧಿಸುವವರಿಗೂ ಹೇಳುವುದಿದೆ. ಆಹ್ವಾನ ಹಿಂಪಡೆಯಿರಿ ಎಂದು ಕೇಳುವುದೂ ಅಭಿವ್ಯಕ್ತಿಯೇ, ಆ ಹಕ್ಕು ನಿಮಗಿದೆ. ಕರಪತ್ರ ಹಂಚಿ, ಅದೇ ಸಂಜೆ ಪಕ್ಕದ ಸಭಾಂಗಣದಲ್ಲಿ ನಿಮ್ಮ ಸಭೆ ಮಾಡಿ, ಒಳಗೆ ಹೋಗಿ ಅವರು ಉತ್ತರಿಸಲಾರದ ಪ್ರಶ್ನೆ ಕೇಳಿ. ಬಾಗಿಲಿಗೆ ಅಡ್ಡ ನಿಲ್ಲುವುದು ಮಾತ್ರ ಈ ಹಕ್ಕಿನೊಳಗೆ ಬರುವುದಿಲ್ಲ. ಷಿಕಾಗೊ ವಿಶ್ವವಿದ್ಯಾಲಯ ಜೆಫ್ರಿ ಸ್ಟೋನ್ ಅಧ್ಯಕ್ಷತೆಯಲ್ಲಿ 2014ರಲ್ಲಿ ನೇಮಿಸಿದ ಸಮಿತಿ ತನ್ನ ವರದಿಯಲ್ಲಿ ಎರಡನ್ನೂ ಒಟ್ಟಿಗೇ ಇಟ್ಟಿದೆ. ಅಪ್ರಿಯ ವಿಚಾರಗಳಿಂದ ಜನರನ್ನು ಕಾಪಾಡುವುದು ವಿಶ್ವವಿದ್ಯಾಲಯದ ಕೆಲಸವಲ್ಲ. ಟೀಕಿಸಲು ಎಲ್ಲರೂ ಸ್ವತಂತ್ರರು, ತಡೆಯಲು ಯಾರೂ ಅಲ್ಲ.

ಪ್ರಶ್ನೆ: ಸಭೆಯೊಳಗೆ ಪ್ರತಿಭಟನೆ ಎಲ್ಲಿಯವರೆಗೆ ಸರಿ? ಘೋಷಣೆ ಕೂಗಿದವರನ್ನು ಹೊರಗೆ ಕಳಿಸಬಹುದೆ?

ಉತ್ತರ: ಉಳಿದವರಿಗೆ ಕೇಳಿಸುತ್ತದೆಯೇ, ಕಾಣಿಸುತ್ತದೆಯೇ, ಒಳಗೆ ಬಂದು ಹೊರಗೆ ಹೋಗಲು ದಾರಿ ಇದೆಯೇ ಎಂಬ ಮೂರನ್ನು ನೋಡಿ. ಮೂರಕ್ಕೂ ಧಕ್ಕೆ ಇಲ್ಲದಿದ್ದರೆ ಅದು ಪ್ರತಿಭಟನೆ, ಬಿಟ್ಟುಬಿಡಿ. ಕಪ್ಪು ಪಟ್ಟಿ, ಹಿಂಬದಿಯ ಗೋಡೆಗೆ ಒರಗಿ ಹಿಡಿದ ಫಲಕ, ಬೆನ್ನು ತಿರುಗಿಸಿ ನಿಲ್ಲುವುದು, ಒಂದು 'ಧಿಕ್ಕಾರ', ಒಟ್ಟಾಗಿ ಎದ್ದು ಹೋಗುವ ಸಭಾತ್ಯಾಗ, ಇವೆಲ್ಲ ಸಹಿಸಬೇಕಾದವು. ಸಭಾತ್ಯಾಗಕ್ಕೆ ಒಂದೆರಡು ನಿಮಿಷ ಸದ್ದಾಗುತ್ತದೆ, ಅಷ್ಟು ಹೊತ್ತು ಭಾಷಣಕಾರರು ನೀರು ಕುಡಿಯಲಿ. ನಿಲ್ಲದ ಕೂಗು, ಮೈಕಿನ ತಂತಿ ಕೀಳುವುದು, ಬೆಂಕಿಯ ಅಲಾರಂ ಒತ್ತುವುದು, ಹಿಂದಿನವರಿಗೆ ವೇದಿಕೆ ಕಾಣದಂತೆ ಬ್ಯಾನರ್ ಹಿಡಿಯುವುದು, ಬಾಗಿಲಲ್ಲಿ ಕೂರುವುದು, ಇವು ಇನ್ನೊಬ್ಬರ ಕೇಳುವ ಹಕ್ಕನ್ನು ಕಸಿಯುತ್ತವೆ.

ಹೊರಗೆ ಕಳಿಸುವುದಕ್ಕೂ ಕ್ರಮ ಬೇಕು. ಸಭೆಯ ಆರಂಭದಲ್ಲೇ ಅಧ್ಯಕ್ಷರು ಇದನ್ನು ಓದಿಬಿಡಲಿ: 'ಇಲ್ಲಿ ಯಾರೂ ಯಾರನ್ನೂ ಒಪ್ಪಬೇಕಾಗಿಲ್ಲ. ಭಿನ್ನಾಭಿಪ್ರಾಯಕ್ಕೆ 35 ನಿಮಿಷ ಮೀಸಲಿದೆ. ಮಾತು ಮುಂದುವರಿಯದಂತೆ ತಡೆದರೆ ಎರಡು ಎಚ್ಚರಿಕೆ ಕೊಡುತ್ತೇನೆ, ಮೂರನೆಯ ಸಲ ಹೊರಗೆ ಹೋಗಲು ಹೇಳುತ್ತೇನೆ.' ಅಡ್ಡಿ ಶುರುವಾದರೆ ಮೊದಲು ಒಂದು ನಿಮಿಷ ಸುಮ್ಮನೆ ಬಿಡಿ. ಹೆಚ್ಚಿನವು ತಾವಾಗಿ ತಣ್ಣಗಾಗುತ್ತವೆ. ತಣ್ಣಗಾಗದಿದ್ದರೆ ಮೊದಲ ಎಚ್ಚರಿಕೆ, ಜತೆಗೆ ಒಂದು ಆಹ್ವಾನ: ಭಾಷಣ ಮುಗಿದ ಕೂಡಲೇ ಮೊದಲ ಪ್ರಶ್ನೆ ನಿಮ್ಮದೇ. ಈ ಆಹ್ವಾನವನ್ನು ಅವರು ಒಪ್ಪಿದರೆ ಸಭೆ ಉಳಿಯಿತು. ಒಪ್ಪದಿದ್ದರೆ ಕೂತಿರುವ ತಟಸ್ಥರೆಲ್ಲರಿಗೂ ಯಾರ ಉದ್ದೇಶ ಏನೆಂದು ಅರ್ಥವಾಗುತ್ತದೆ.

ಇಲ್ಲಿ ತಪ್ಪುವುದು ಎರಡು ಕಡೆ. ಭಾಷಣಕಾರರೇ ಕೂಗುವವರೊಂದಿಗೆ ವಾದಕ್ಕಿಳಿದರೆ ಸಭೆ ಅಧ್ಯಕ್ಷರ ಕೈ ತಪ್ಪುತ್ತದೆ. ಸಂಘಟಕರ ಕಡೆಯ ಹುಡುಗರು ತಾವೇ ತೋಳು ಹಿಡಿದು ಎಳೆದರೆ ಕ್ಷಣಮಾತ್ರದಲ್ಲಿ ಅದು ಹೊಡೆದಾಟ. ಮೈಮುಟ್ಟುವ ಅಧಿಕಾರ ಭದ್ರತಾ ಸಿಬ್ಬಂದಿಯನ್ನು ಬಿಟ್ಟು ಯಾರಿಗೂ ಇಲ್ಲ ಎಂಬುದು ಒಪ್ಪಂದದ ಪುಟದಲ್ಲೇ ಇರಲಿ.

ಪ್ರಶ್ನೆ: ನಮ್ಮ ಪೋಸ್ಟರುಗಳನ್ನು ರಾತ್ರೋರಾತ್ರಿ ಹರಿದು ಹಾಕುತ್ತಾರೆ. ದೂರು ಕೊಟ್ಟರೆ, ಇನ್ನು ಮುಂದೆ ಎಲ್ಲರ ಪೋಸ್ಟರೂ ನಿಷೇಧ ಎನ್ನುತ್ತಾರೆ.

ಉತ್ತರ: ಎಲ್ಲರ ಬಾಯನ್ನೂ ಸಮನಾಗಿ ಮುಚ್ಚುವುದು ನ್ಯಾಯವಲ್ಲ. 1964ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಡಳಿತ ಹೀಗೆಯೇ ಮಾಡಿತು. ಕ್ಯಾಂಪಸ್ಸಿನ ಅಂಚಿನ ಕಾಲುದಾರಿಯಲ್ಲಿ ಮೇಜು ಹಾಕಿ ಕರಪತ್ರ ಹಂಚುತ್ತಿದ್ದ ವಿದ್ಯಾರ್ಥಿ ಸಂಘಟನೆಗಳನ್ನೆಲ್ಲ ತಡೆಯಿತು. ಎಡದವರು ಬಲದವರು ಎನ್ನದೆ ಸಂಘಟನೆಗಳು ಒಟ್ಟಾದವು. ಅಕ್ಟೋಬರ್ 1ರಂದು ಮೇಜಿನ ಹಿಂದೆ ಕೂತಿದ್ದ ಜ್ಯಾಕ್ ವೈನ್‌ಬರ್ಗ್ ಎಂಬವರನ್ನು ಬಂಧಿಸಿ ಪೊಲೀಸ್ ಕಾರಿನಲ್ಲಿ ಕೂರಿಸಿದಾಗ, ವಿದ್ಯಾರ್ಥಿಗಳು ಸುತ್ತ ಕೂತು ಸುಮಾರು 32 ಗಂಟೆ ಆ ಕಾರನ್ನು ಕದಲಗೊಡಲಿಲ್ಲ. ಮಾತಾಡುವವರು ಷೂ ಬಿಚ್ಚಿಟ್ಟು ಕಾರಿನ ಮೇಲೆ ಹತ್ತಿ ಒಬ್ಬರಾದ ಮೇಲೊಬ್ಬರು ಮಾತಾಡಿದರು. ಡಿಸೆಂಬರ್ 8ರಂದು ಅಧ್ಯಾಪಕರ ಸಭೆ 824-115 ಮತಗಳಿಂದ ಒಂದು ನಿರ್ಣಯಕ್ಕೆ ಬಂತು: ಮಾತಿನ ಹೂರಣವನ್ನು ವಿಶ್ವವಿದ್ಯಾಲಯ ನಿಯಂತ್ರಿಸಬಾರದು, ಸಮಯ, ಸ್ಥಳ, ರೀತಿಗಳಿಗೆ ಮಾತ್ರ ಯುಕ್ತವಾದ ನಿಯಮ ಇರಬಹುದು.

ನೀವು ಆಡಳಿತದ ಮುಂದಿಡಬೇಕಾದ ಕರಡೂ ಇದೇ ಸಮಯ, ಸ್ಥಳ, ರೀತಿಗಳ ಮೇಲೆ ನಿಲ್ಲಲಿ. ಗೊತ್ತಾದ ಫಲಕಗಳು, ಒಂದು ಸಂಘಟನೆಗೆ ಒಂದು ಫಲಕದಲ್ಲಿ ಒಂದೇ ಪೋಸ್ಟರ್, ಗರಿಷ್ಠ ಎ3 ಅಳತೆ, ಕೆಳಗೆ ಸಂಘಟನೆಯ ಹೆಸರು ಮತ್ತು ಅಂಟಿಸಿದ ದಿನಾಂಕ, 14 ದಿನಕ್ಕೆ ತೆರವು. ಮುದ್ರೆ ಬೇಕೆಂದಾದರೆ ಅದು ದಿನಾಂಕದ ಮುದ್ರೆಯಾಗಿರಲಿ, ಒಪ್ಪಿಗೆಯ ಮುದ್ರೆ ಬೇಡ. ಗುಮಾಸ್ತರು ಪೋಸ್ಟರ್ ಓದಿ ತೀರ್ಮಾನಿಸುವಂತಾದರೆ ಅದು ಸೆನ್ಸಾರ್. ಅಂಟಿಸಿದ ಕೂಡಲೇ ಸುತ್ತಲಿನ ಫಲಕ ಸಮೇತ ಕಾಣುವಂತೆ ಫೋಟೊ ತೆಗೆದು ಸಮಯ ಬರೆದಿಡಿ. 'ಯಾರೋ ಹರಿದರು' ಎಂಬ ದೂರಿಗೆ ಬೆಲೆ ಸಿಗುವುದಿಲ್ಲ. 'ಒಂದು ವಾರದಲ್ಲಿ ಈ ಮೂರು ಫಲಕಗಳಲ್ಲಿ, ಸಂಜೆ ಆರರಿಂದ ಬೆಳಿಗ್ಗೆ ಎಂಟರೊಳಗೆ' ಎಂದಿದ್ದರೆ ಸಿಗುತ್ತದೆ. ಎದುರಿನವರ ಪೋಸ್ಟರ್ ಮೇಲೆ ನಿಮ್ಮದನ್ನು ಅಂಟಿಸುವುದೂ ಹರಿಯುವುದಕ್ಕೆ ಸಮ. ಪಕ್ಕದಲ್ಲಿ ಅಂಟಿಸಿ ಉತ್ತರ ಕೊಡಿ.

ಪ್ರಶ್ನೆ: ವಿದ್ಯಾರ್ಥಿಗಳಿಂದ ವಸೂಲಾದ ನಿಧಿಯಲ್ಲಿ ನಮ್ಮಂಥ ಸಣ್ಣ, ಜನಪ್ರಿಯವಲ್ಲದ ಸಂಘಕ್ಕೆ ಪಾಲು ಸಿಗುವುದೇ ಇಲ್ಲ. ಮತಕ್ಕೆ ಹಾಕುತ್ತಾರೆ, ಸೋಲುತ್ತೇವೆ.

ಉತ್ತರ: ಮತಕ್ಕೆ ಹಾಕುವುದೇ ದೋಷ. ಎಲ್ಲರಿಂದ ಕಡ್ಡಾಯವಾಗಿ ಪಡೆದ ಹಣ ಬಹುಮತದ ಇಷ್ಟಕ್ಕೆ ಹಂಚಿಕೆಯಾದರೆ ಅಲ್ಪಮತದವರು ಎದುರಾಳಿಗಳ ಪ್ರಚಾರಕ್ಕೆ ದುಡ್ಡು ಕೊಟ್ಟಂತಾಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೌತ್‌ವರ್ತ್ ಪ್ರಕರಣದಲ್ಲಿ (2000) ಅಮೆರಿಕದ ಸುಪ್ರೀಂ ಕೋರ್ಟ್, ಇಂಥ ನಿಧಿಯನ್ನು ಸಂಗ್ರಹಿಸಬಹುದು, ಆದರೆ ಹಂಚುವಾಗ ಸಂಘಗಳ ದೃಷ್ಟಿಕೋನ ನೋಡಬಾರದು ಎಂದಿತು. ಬಹುಮತದ ಜನಮತಗಣನೆಯಿಂದ ಹಣ ಕೊಡುವ, ಕಿತ್ತುಕೊಳ್ಳುವ ಪದ್ಧತಿಯನ್ನು ಅದು ಒಪ್ಪಲಿಲ್ಲ. ಮಾನ್ಯತೆಗೂ ಇದೇ ಮಾತು. ಅದೇ ಕೋರ್ಟಿನ 1972ರ ಹೀಲಿ ಪ್ರಕರಣದ ಪ್ರಕಾರ, ಸಂಘದ ಸಿದ್ಧಾಂತ ಹಿಡಿಸಲಿಲ್ಲ ಎಂದು ಮಾನ್ಯತೆ ನಿರಾಕರಿಸುವಂತಿಲ್ಲ. ಕ್ಯಾಂಪಸ್ಸಿನ ಯುಕ್ತ ನಿಯಮಗಳಿಗೆ ಬದ್ಧರಾಗಿರುತ್ತೇವೆ ಎಂಬ ಒಪ್ಪಿಗೆಯನ್ನು ಕೇಳಬಹುದು.

ಅಳೆಯಬಹುದಾದ ಮಾನದಂಡಗಳನ್ನು ಕೇಳಿ: ಹಿಂದಿನ ಕಾರ್ಯಕ್ರಮಗಳ ಹಾಜರಿ, ಲೆಕ್ಕಪತ್ರ ಸಕಾಲಕ್ಕೆ ಸಲ್ಲಿಸಿದ್ದಾರೆಯೇ, ಎಲ್ಲ ವಿದ್ಯಾರ್ಥಿಗಳಿಗೂ ಪ್ರವೇಶ ಇತ್ತೇ. ಪ್ರತಿ ಮಾನ್ಯ ಸಂಘಕ್ಕೂ ಒಂದು ಕನಿಷ್ಠ ಮೊತ್ತ ಇರಲಿ, ಉಳಿದದ್ದು ಅಂಕಗಳ ಮೇಲೆ. ಅರ್ಜಿ ತಿರಸ್ಕರಿಸಿದರೆ ಯಾವ ಮಾನದಂಡದಲ್ಲಿ ಎಷ್ಟು ಅಂಕ ಬಂತೆಂದು ಬರೆದುಕೊಡಬೇಕು. ಹಂಚಿಕೆ ಸಮಿತಿಯಲ್ಲಿರುವವರು ತಮ್ಮದೇ ಸಂಘದ ಅರ್ಜಿ ಬಂದಾಗ ಹೊರಗೆ ಕೂರಬೇಕು.

ಪ್ರಶ್ನೆ: ಅಭಿವ್ಯಕ್ತಿ ಸ್ವಾತಂತ್ರ್ಯ ಎಂದು ಏನನ್ನು ಬೇಕಾದರೂ ಹೇಳಬಹುದೆ? ಗೆರೆ ಎಲ್ಲಿ?

ಉತ್ತರ: ನಾಲ್ಕು ವಾಕ್ಯ ನೋಡಿ. 'ಆ ಸಂಘಟನೆಯವರದು ಶುದ್ಧ ಮೂರ್ಖತನ.' 'ಆ ಸಂಘಟನೆಯನ್ನು ನಿಷೇಧಿಸಬೇಕು.' 'ನಿನ್ನ ರೂಮ್ ನಂಬರ್ ಗೊತ್ತಿದೆ, ಒಬ್ಬಳೇ ಸಿಗುವುದಿಲ್ಲವೇ?' 'ಎಲ್ಲ ಬನ್ನಿ, ಈಗಲೇ ಅವರ ಕಚೇರಿಯ ಬಾಗಿಲು ಮುರಿಯೋಣ.' ಮೊದಲನೆಯದು ನೋಯಿಸುತ್ತದೆ, ಎರಡನೆಯದು ರಾಜಕೀಯ ಬೇಡಿಕೆ. ಎರಡಕ್ಕೂ ಉತ್ತರ ಮಾತೇ. ಮೂರನೆಯದು ಒಬ್ಬ ವ್ಯಕ್ತಿಗೆ ಹಾಕಿದ ಬೆದರಿಕೆ, ನಾಲ್ಕನೆಯದು ಹಿಂಸೆಗೆ ಕೊಟ್ಟ ಕರೆ. ಕೊನೆಯ ಎರಡಕ್ಕೆ ಶಿಸ್ತುಕ್ರಮ ಬೇಕು, ತಡಮಾಡದೆ ಬೇಕು.

ಇವುಗಳ ನಡುವೆ ಸಿಕ್ಕಿಕೊಳ್ಳುವ ಮಾತುಗಳೇ ಕಷ್ಟದವು. ದೇಶಗಳೂ ಇಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ಅಮೆರಿಕದಲ್ಲಿ 1969ರ ಬ್ರ್ಯಾಂಡನ್‌ಬರ್ಗ್ ತೀರ್ಪಿನ ಪ್ರಕಾರ, ತಕ್ಷಣದ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸುವ ಉದ್ದೇಶವೂ ಅದು ನಡೆಯುವ ಸಂಭವವೂ ಇದ್ದಾಗಷ್ಟೇ ಪ್ರಚೋದನೆಯೆಂದು ಶಿಕ್ಷಿಸಬಹುದು. ವಿಶ್ವಸಂಸ್ಥೆಯ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ 19ನೇ ವಿಧಿಯಲ್ಲಿ ಅಭಿವ್ಯಕ್ತಿಯನ್ನು ಕಾಪಾಡುತ್ತದೆ. 20ನೇ ವಿಧಿಯಲ್ಲಿ ತಾರತಮ್ಯ, ವೈರ, ಹಿಂಸೆಗೆ ಪ್ರಚೋದಿಸುವ ರಾಷ್ಟ್ರೀಯ, ಜನಾಂಗೀಯ, ಧಾರ್ಮಿಕ ದ್ವೇಷದ ಪ್ರತಿಪಾದನೆಯನ್ನು ಕಾನೂನಿನಿಂದ ನಿಷೇಧಿಸಬೇಕು ಎನ್ನುತ್ತದೆ. ಎರಡನ್ನೂ ತೂಗಲು 2012ರಲ್ಲಿ ಮೊರಾಕ್ಕೊದ ರಬಾತ್‌ನಲ್ಲಿ ರೂಪಿಸಿದ ಕ್ರಿಯಾಯೋಜನೆ ಆರು ಅಂಶಗಳನ್ನು ಕೊಟ್ಟಿದೆ: ಸಂದರ್ಭ, ಹೇಳಿದವರ ಸ್ಥಾನಮಾನ, ಉದ್ದೇಶ, ಮಾತಿನ ಹೂರಣ ಮತ್ತು ರೂಪ, ಎಷ್ಟು ಜನರಿಗೆ ತಲುಪಿತು, ಹಾನಿಯಾಗುವ ಸಂಭವ ಎಷ್ಟು. ಅದು ಕ್ರಿಮಿನಲ್ ಪ್ರಕರಣಗಳಿಗಾಗಿ ಮಾಡಿದ ಎತ್ತರದ ಅಳತೆಗೋಲು. ಆದರೂ ಕ್ಯಾಂಪಸ್ಸಿನ ಶಿಸ್ತು ಸಮಿತಿ ಆರನ್ನೂ ಒಂದು ಹಾಳೆಯಲ್ಲಿ ಬರೆದು ಪ್ರತಿಯೊಂದರ ಮುಂದೆ ಸಾಕ್ಷ್ಯ ನಮೂದಿಸಿದರೆ, 'ಭಾವನೆಗೆ ಧಕ್ಕೆ' ಎಂಬ ಒಂದೇ ಸಾಲಿನ ಆರೋಪದ ಮೇಲೆ ಯಾರ ಓದೂ ಹಾಳಾಗುವುದಿಲ್ಲ. ನೋವಾಗಿದ್ದು ನಿಜವಿರಬಹುದು. ನೋವಾದವರಿಗೆ ಬೆಂಬಲ ಕೊಡಬೇಕು. ಅದು ಬೇರೆ ಕೆಲಸ, ಶಿಕ್ಷೆ ಬೇರೆ ಕೆಲಸ.

ಪ್ರಶ್ನೆ: ನಮ್ಮ ಚರ್ಚಾಕೂಟಕ್ಕೆ ಜನ ಬರುತ್ತಾರೆ, ಮಾತಾಡುವವರು ಮಾತ್ರ ಅದೇ ನಾಲ್ವರು. ಉಳಿದವರಿಗೆ ಏನೋ ಭಯ.

ಉತ್ತರ: ಆ ಭಯಕ್ಕೆ ಕಾರಣವಿದೆ. ಒಂದು ಮಾತನ್ನು ಕತ್ತರಿಸಿ ವಿಡಿಯೊ ಹರಿಬಿಟ್ಟರೆ ಅದು ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ದೊಡ್ಡ ಸಾರ್ವಜನಿಕ ಚರ್ಚೆಯನ್ನು ಪೂರ್ತಿ ರೆಕಾರ್ಡ್ ಮಾಡಿ, ತಿರುಚಿದ ತುಣುಕು ಹೊರಬಿದ್ದರೆ ಪೂರ್ತಿ ವಿಡಿಯೊ ತೋರಿಸುವುದೇ ರಕ್ಷಣೆ. ಸಣ್ಣ ಕೂಟದಲ್ಲಿ ಇದಕ್ಕೆ ವಿರುದ್ಧ: ಮೊಬೈಲುಗಳೆಲ್ಲ ಒಂದು ಡಬ್ಬದಲ್ಲಿರಲಿ, ಚಾಟಮ್ ಹೌಸ್ ನಿಯಮ ಹಾಕಿಕೊಳ್ಳಿ. ಲಂಡನ್ನಿನ ಆ ಸಂಸ್ಥೆ 1927ರಲ್ಲಿ ರೂಪಿಸಿದ ನಿಯಮ ಸರಳವಾಗಿದೆ. ಅಲ್ಲಿ ಕೇಳಿದ ವಿಚಾರವನ್ನು ಹೊರಗೆ ಬಳಸಬಹುದು, ಹೇಳಿದವರು ಯಾರು, ಯಾವ ಸಂಸ್ಥೆಯವರು ಎಂದಾಗಲೀ ಯಾರು ಯಾರು ಬಂದಿದ್ದರು ಎಂದಾಗಲೀ ಹೇಳುವಂತಿಲ್ಲ.

ಎಂಟರಿಂದ ಹನ್ನೆರಡು ಜನರ ವೃತ್ತ ಸಾಕು. ಹದಿನೈದು ದಾಟಿದರೆ ಮತ್ತೆ ನಾಲ್ವರೇ ಮಾತಾಡುತ್ತಾರೆ. ವಿಷಯ ಹೇಳಿದ ಮೇಲೆ ಮೂರು ನಿಮಿಷ ಎಲ್ಲರೂ ಮೌನವಾಗಿ ಬರೆಯಲಿ, ಆಮೇಲೆ ಸುತ್ತಿನಲ್ಲಿ ತಲಾ ಒಂದು ನಿಮಿಷ ಓದಲಿ. ಎಲ್ಲರದೂ ಒಂದು ಸಲ ಮುಗಿಯುವವರೆಗೆ ಯಾರಿಗೂ ಎರಡನೆಯ ಅವಕಾಶ ಇಲ್ಲ. ಬರೆದಿದ್ದನ್ನು ಓದುವುದು ಹೊಸದಾಗಿ ಮಾತು ಕಟ್ಟುವುದಕ್ಕಿಂತ ಸುಲಭ; ಮೊದಲು ಮಾತಾಡಿದವರ ಗಾಳಿಗೆ ಉಳಿದವರು ವಾಲುವುದೂ ತಪ್ಪುತ್ತದೆ. ಎರಡನೇ ಸುತ್ತಿನಲ್ಲಿ ಒಂದು ಕಟ್ಟಳೆ: ಯಾರನ್ನು ಖಂಡಿಸಬೇಕೋ ಅವರ ವಾದವನ್ನು ಮೊದಲು ನೀವೇ ಹೇಳಿ, 'ಹೌದು, ನಾನು ಹೇಳಿದ್ದು ಇದನ್ನೇ' ಎಂದು ಅವರು ಒಪ್ಪಿದ ಮೇಲಷ್ಟೇ ಖಂಡನೆ. ಹೆಚ್ಚಿನವರಿಗೆ ಮೊದಲ ಸಲ ಇದು ಸಾಧ್ಯವಾಗುವುದಿಲ್ಲ, ಎದುರಿನವರ ಮಾತನ್ನು ಕುಗ್ಗಿಸಿಯೇ ಹೇಳುತ್ತಾರೆ. ಬಿಡದೆ ಮಾಡಿಸಿ, ಕೂಟದ ನಿಜವಾದ ಕಲಿಕೆ ಇಲ್ಲಿದೆ.

ಪ್ರಶ್ನೆ: ವಿವಾದಗಳು ಎದ್ದಾಗ ವಿಶ್ವವಿದ್ಯಾಲಯ ತನ್ನ ನಿಲುವು ಹೇಳಬೇಡವೆ?

ಉತ್ತರ: ತನ್ನ ಬೋಧನೆ, ಸಂಶೋಧನೆ, ವಿದ್ಯಾರ್ಥಿಗಳ ಸುರಕ್ಷತೆಗೆ ಸಂಬಂಧಿಸಿದ್ದರೆ ಹೇಳಲಿ. ಉಳಿದವುಗಳಲ್ಲಿ ಸುಮ್ಮನಿರುವುದೇ ಮೇಲು. ಷಿಕಾಗೊ ವಿಶ್ವವಿದ್ಯಾಲಯದ 1967ರ ಕ್ಯಾಲ್ವೆನ್ ವರದಿಯ ತಿರುಳೂ ಇದೇ: ಟೀಕೆ ಮಾಡುವವರು ಅಧ್ಯಾಪಕರು, ವಿದ್ಯಾರ್ಥಿಗಳು, ವಿಶ್ವವಿದ್ಯಾಲಯ ಅವರಿಗೆ ಮನೆ, ತಾನೇ ಟೀಕಾಕಾರ ಅಲ್ಲ. ಕುಲಪತಿಗಳ ಹೇಳಿಕೆ ಹೊರಬಿದ್ದ ಮೇಲೆ ಅದಕ್ಕೆ ವಿರುದ್ಧವಾಗಿ ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಎಷ್ಟು ಧೈರ್ಯ ಬೇಕಾಗುತ್ತದೆ ಎಂದು ಯೋಚಿಸಿ.

ಪ್ರಶ್ನೆ: ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ರಾಜಕೀಯ ಜಗಳ ನಿಲ್ಲುತ್ತಿಲ್ಲ. ಏನು ಮಾಡೋಣ?

ಉತ್ತರ: ಗುಂಪನ್ನು ಎರಡು ಮಾಡಿ. ವೇಳಾಪಟ್ಟಿ, ನೋಟ್ಸ್, ಪರೀಕ್ಷೆಯ ಸೂಚನೆಗೆ ಒಂದು, ಅದರಲ್ಲಿ ಬೇರೇನೂ ಬೇಡ. ಚರ್ಚೆಗೆ ಇನ್ನೊಂದು, ಇಷ್ಟವಿದ್ದವರು ಸೇರಲಿ. ಪಾಠದ ಸೂಚನೆ ಬೇಕೆಂದರೆ ಜಗಳವನ್ನೂ ಓದಲೇಬೇಕು ಎಂಬ ಸ್ಥಿತಿ ಯಾರಿಗೂ ಬರಬಾರದು.

ಪ್ರಶ್ನೆ: ಸಭೆಯೊಂದರಲ್ಲಿ ಮಾತಾಡಿದ್ದಕ್ಕೆ ನನಗೆ ಕಾರಣ ಕೇಳಿ ನೋಟಿಸ್ ಬಂದಿದೆ. ಕ್ಷಮೆ ಕೇಳಿ ಮುಗಿಸು ಎನ್ನುತ್ತಾರೆ ಮನೆಯವರು. ಉತ್ತರ ಹೇಗೆ ಬರೆಯಲಿ?

ಉತ್ತರ: ಅವಸರದಲ್ಲಿ ಬರೆದ ಕ್ಷಮಾಪಣೆ ಮುಂದೆ ತಪ್ಪೊಪ್ಪಿಗೆಯಾಗಿ ಕಡತದಲ್ಲಿ ಕೂರುತ್ತದೆ. ಮೊದಲು ನೋಟಿಸಿನಲ್ಲಿ ಮೂರು ವಿಷಯ ಇವೆಯೇ ನೋಡಿ: ಯಾವ ನಿಯಮದ ಎಷ್ಟನೇ ಕಲಂ; ನೀವು ಆಡಿದಿರೆನ್ನುವ ಮಾತು, ಪದಶಃ; ಅದನ್ನು ಎಲ್ಲಿ, ಯಾವಾಗ ಆಡಿದಿರಿ. ಯಾವುದಾದರೂ ಇಲ್ಲದಿದ್ದರೆ ಕೊಟ್ಟಿರುವ ಗಡುವಿನೊಳಗೇ ಒಂದು ಸಣ್ಣ ಪತ್ರ ಬರೆದು ಅದನ್ನೂ, ದೂರಿನ ಪ್ರತಿಯನ್ನೂ, ವಿಡಿಯೊ ಇದ್ದರೆ ಪೂರ್ತಿ ವಿಡಿಯೊವನ್ನೂ ಕೇಳಿ. ಅವು ಸಿಕ್ಕ ಮೇಲೆ ಉತ್ತರಿಸಲು ಸಮಯ ಕೋರಿ. ಗಡುವು ಮೀರಿ ಕೇಳಿದರೆ ಇದೇ ಪತ್ರಕ್ಕೆ ಬೆಲೆ ಇರುವುದಿಲ್ಲ.

ಉತ್ತರದಲ್ಲಿ ಮೂರನ್ನು ಬೇರೆಬೇರೆಯಾಗಿ ಬರೆಯಿರಿ. ಮೊದಲು ನಾನು ಹೇಳಿದ್ದೇನು, ಹಿಂದುಮುಂದಿನ ವಾಕ್ಯಗಳ ಸಮೇತ. ಆಮೇಲೆ ಎಲ್ಲಿ, ಯಾವ ಅನುಮತಿಯ ಸಭೆಯಲ್ಲಿ ಹೇಳಿದೆ. ಕೊನೆಗೆ ಅದರಿಂದ ಏನಾಯಿತು, ಏನಾಗಲಿಲ್ಲ: ತರಗತಿ ನಿಂತಿತೇ, ಯಾರಿಗಾದರೂ ಅಡ್ಡಿಯಾಯಿತೇ. ಆರೋಪ ಮಾಡಿದವರ ರಾಜಕೀಯ ಕೆದಕಬೇಡಿ, ಒಂದೂವರೆ ಪುಟ ಮೀರಬೇಡಿ. ಖುದ್ದು ಹೇಳಿಕೊಳ್ಳಲು ಅವಕಾಶ ಬೇಕು, ದೂರು ಕೊಟ್ಟವರು ತೀರ್ಪು ಕೊಡುವ ಸಮಿತಿಯಲ್ಲಿ ಇರಬಾರದು, ಆದೇಶದಲ್ಲಿ ಕಾರಣಗಳಿರಬೇಕು ಎಂಬ ಮೂರು ಕೋರಿಕೆ ಕೊನೆಯಲ್ಲಿರಲಿ. ಇವು ಸಹಜ ನ್ಯಾಯದ ಮೂಲ ಅಂಶಗಳು. ಅಮೆರಿಕದ ಅಲಬಾಮಾದ ಸರ್ಕಾರಿ ಕಾಲೇಜೊಂದು ವರ್ಣಭೇದದ ವಿರುದ್ಧ ಪ್ರತಿಭಟಿಸಿದ ಕಪ್ಪು ವಿದ್ಯಾರ್ಥಿಗಳನ್ನು ನೋಟಿಸ್, ವಿಚಾರಣೆ ಇಲ್ಲದೆ ಹೊರಹಾಕಿದಾಗ, 1961ರ ಡಿಕ್ಸನ್ ತೀರ್ಪಿನಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಅದನ್ನು ತಳ್ಳಿಹಾಕಿತು. ಹೊರಹಾಕುವ ಮುನ್ನ ನೋಟಿಸ್ ಕೊಟ್ಟು ವಿಚಾರಣೆಗೆ ಅವಕಾಶ ಕೊಡಲೇಬೇಕು ಎಂದಿತು.

ಹೇಳಿದ ಯಾವುದೋ ಒಂದು ಪದ ನಿಜಕ್ಕೂ ಅತಿಯಾಯಿತು ಎಂದು ನಿಮಗೇ ಅನಿಸಿದರೆ ಆ ಪದಕ್ಕೆ ಮಾತ್ರ ವಿಷಾದ ಹೇಳಿ, ಅಭಿಪ್ರಾಯಕ್ಕಲ್ಲ. ಉಳಿದವರೊಂದಿಗೆ ಸಾಮೂಹಿಕ ಕ್ಷಮಾಪಣೆಗೆ ಸಹಿ ಹಾಕಬೇಡಿ. ನೀವು ಮಾಡದ್ದೂ ಅದರಲ್ಲಿ ಸೇರಿರುತ್ತದೆ. ವಿಚಾರಣೆ ಮುಗಿಯುವವರೆಗೆ ನೋಟಿಸಿನ ಚಿತ್ರವನ್ನು ಸಿಟ್ಟಿನ ಸಾಲುಗಳೊಂದಿಗೆ ಎಲ್ಲೂ ಹಾಕಬೇಡಿ, ಅದೇ ಎರಡನೆಯ ಆರೋಪವಾಗುತ್ತದೆ. ವಿಚಾರಣೆಗೆ ಹೋಗುವಾಗ ನಿಯಮಾವಳಿ ಅವಕಾಶ ಕೊಟ್ಟರೆ ಒಬ್ಬ ಅಧ್ಯಾಪಕರನ್ನು ಜತೆಗೆ ಕರೆದೊಯ್ಯಿರಿ. ಹೊರಬಂದ ಕೂಡಲೇ ಯಾರು ಏನು ಕೇಳಿದರು, ನೀವೇನು ಹೇಳಿದಿರಿ ಎಂದು ಬರೆದು ಅದೇ ದಿನ ಸಮಿತಿಗೆ ಇಮೇಲ್ ಮಾಡಿ. ಉತ್ತರವನ್ನು ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಆದೇಶ ಬಂದ ದಿನಾಂಕವನ್ನೂ ಗುರುತು ಹಾಕಿಡಿ. ಮೇಲ್ಮನವಿಯ ಗಡುವು ಎಂದಿನಿಂದ ಎಣಿಕೆಯಾಗುತ್ತದೆ ಎಂದು ನಿಯಮಾವಳಿಯಲ್ಲಿ ನೋಡಿಕೊಳ್ಳಿ. ಆದೇಶಕ್ಕೆ ಸಹಿಯಾದ ದಿನಕ್ಕೂ ಅದು ನಿಮ್ಮ ಕೈಸೇರಿದ ದಿನಕ್ಕೂ ವಾರದ ಅಂತರ ಇರುವುದುಂಟು.